ಅಜ್ಜ ಮೊಮ್ಮಗಳಿಗೆ ಕಳಿಸಿದ ಹಣ ತಾಯಿಯ ಯೂನಿವರ್ಸಲ್ ಕ್ರೆಡಿಟ್‌ಗೆ ಅಡ್ಡಿಯಾಗುತ್ತದೆಯೇ?

ಹೇಮಾವತಿ ತೀರ (ರೆಡಿಂಗ್)

ಎಲ್ಲರಿಗೂ ನಮಸ್ಕಾರ. ಇದುವರೆಗೆ ಇಲ್ಲಿ ಓದುತ್ತಿದ್ದೆನೇ ಹೊರತು ಬರೆದವಳಲ್ಲ. ಈಗ ಹಣದ ವಿಷಯವೊಂದರಲ್ಲಿ ನಿಮ್ಮೆಲ್ಲರ ತಿಳಿವಳಿಕೆ ಬೇಕಾಗಿದೆ.

ನಾವಿಬ್ಬರೂ ಬ್ರಿಟನ್ನಿನಲ್ಲಿ ಕಾಯಂ ನೆಲೆಯ ಅನುಮತಿ ಪಡೆದು ಆರು ವರ್ಷವಾಯಿತು. ನಮ್ಮವರ ಗೋದಾಮಿನ ಕೆಲಸದಲ್ಲಿ ಪಾಳಿಗಳು ಕಡಿಮೆಯಾಗಿವೆ, ನಾನು ಶಾಲೆಯ ಅಡುಗೆಮನೆಯಲ್ಲಿ ವಾರಕ್ಕೆ ಹದಿನಾರು ಗಂಟೆ ದುಡಿಯುತ್ತೇನೆ. ಕಳೆದ ವರ್ಷದಿಂದ ಯೂನಿವರ್ಸಲ್ ಕ್ರೆಡಿಟ್ (ಕಡಿಮೆ ವರಮಾನದವರಿಗೆ ಸರ್ಕಾರ ತಿಂಗಳಿಗೊಮ್ಮೆ ಕೊಡುವ ಸಹಾಯಧನ) ಬರುತ್ತಿದೆ, ಬಾಡಿಗೆ ಕಟ್ಟಲು ಅದೇ ಆಧಾರ. ಹೀಗಿರುವಾಗ ಅರಕಲಗೂಡಿನಲ್ಲಿರುವ ನಮ್ಮ ಅಪ್ಪ ರಸ್ತೆ ಬದಿಯ ತುಂಡು ಜಮೀನು ಮಾರಿ, ಬಂದ ಹಣದಲ್ಲಿ ಒಂದು ಭಾಗವನ್ನು ಇಬ್ಬರು ಮೊಮ್ಮಕ್ಕಳಿಗೆ ಸಮನಾಗಿ ಹಂಚಿದರು. ಅಣ್ಣನ ಮಗನ ಹೆಸರಿನಲ್ಲಿ ಊರಿನ ಬ್ಯಾಂಕಿನಲ್ಲಿ ಠೇವಣಿ ಇಟ್ಟರು. ನನ್ನ ಏಳು ವರ್ಷದ ಮಗಳ ಪಾಲನ್ನು ನನ್ನ ಖಾತೆಗೆ ಕಳಿಸಿದರು, ಏಕೆಂದರೆ ಅವಳಿಗೆ ಇಲ್ಲಿ ಖಾತೆಯೇ ಇರಲಿಲ್ಲ. ಬಂದದ್ದು 8,000 ಪೌಂಡ್. ನಮ್ಮಿಬ್ಬರ ಸ್ವಂತ ಉಳಿತಾಯ 3,100 ಪೌಂಡ್.

ಹಣ ಬಂದು ಒಂಬತ್ತು ದಿನವಾಯಿತು. ಇದನ್ನು ಜರ್ನಲ್‌ನಲ್ಲಿ (ಇಲಾಖೆಗೆ ಬರೆದು ತಿಳಿಸುವ ಆನ್‌ಲೈನ್ ಪುಟದಲ್ಲಿ) ತಿಳಿಸಲೇಬೇಕೇ? ತಿಳಿಸಿದರೆ ನಮ್ಮ ತಿಂಗಳ ಹಣ ಎಷ್ಟು ಕಡಿಮೆಯಾಗುತ್ತದೆ? ಈಗಲೇ ಮಗಳ ಹೆಸರಿನಲ್ಲಿ ಖಾತೆ ತೆರೆದು ಅಲ್ಲಿಗೆ ವರ್ಗಾಯಿಸಿದರೆ, ಸಹಾಯಧನ ಉಳಿಸಿಕೊಳ್ಳಲು ಹಣ ಬಚ್ಚಿಟ್ಟೆವು ಎಂಬ ಆಪಾದನೆ ಬರುತ್ತದೆಯೇ? ಅಪ್ಪ ಪ್ರೀತಿಯಿಂದ ಕೊಟ್ಟದ್ದು ನಮಗೆ ಉರುಳಾಗಬಾರದು ಎಂಬುದೊಂದೇ ನನ್ನ ಚಿಂತೆ.

ಲೆಸ್ಟರ್ ಸಲಹೆಗಾರ

ಹೇಮಾವತಿಯವರೇ, ನಾನು ಹನ್ನೊಂದು ವರ್ಷ ಒಂದು ಸಲಹಾ ಕೇಂದ್ರದಲ್ಲಿ ಸ್ವಯಂಸೇವಕನಾಗಿ ಇಂಥ ಅರ್ಜಿಗಳನ್ನೇ ನೋಡಿದವನು. ನಿಮ್ಮ ಪ್ರಶ್ನೆಗೆ ಉತ್ತರವಿದೆ, ಆದರೆ ಅದು ನಿಂತಿರುವುದು ಒಂದೇ ವಿಷಯದ ಮೇಲೆ: ಈ 8,000 ಪೌಂಡ್ ಯಾರದು, ಮತ್ತು ಅದನ್ನು ನೀವು ತೋರಿಸಬಲ್ಲಿರಾ?

ಮೊದಲು ಮಿತಿಗಳನ್ನು ಹೇಳಿಬಿಡುತ್ತೇನೆ. ಯೂನಿವರ್ಸಲ್ ಕ್ರೆಡಿಟ್‌ನಲ್ಲಿ ಗಂಡ ಹೆಂಡತಿ ಇಬ್ಬರ ಉಳಿತಾಯವನ್ನೂ ಸೇರಿಸಿ ನೋಡುತ್ತಾರೆ. 6,000 ಪೌಂಡ್‌ವರೆಗೆ ಏನೂ ಕಡಿತವಿಲ್ಲ. ಅದಕ್ಕಿಂತ ಹೆಚ್ಚಿದ್ದರೆ, ಮೇಲಿನ ಪ್ರತಿ 250 ಪೌಂಡ್‌ಗೂ ಅಥವಾ ಅದರ ಯಾವುದೇ ಭಾಗಕ್ಕೂ ತಿಂಗಳಿಗೆ 4.35 ಪೌಂಡ್ ವರಮಾನವಿದೆ ಎಂದು ಭಾವಿಸಿ, ಅಷ್ಟನ್ನು ನಿಮಗೆ ಬರುವ ಹಣದಲ್ಲಿ ಕಳೆಯುತ್ತಾರೆ. ಬ್ಯಾಂಕು ನಿಮಗೆ ನಿಜವಾಗಿ ಎಷ್ಟು ಬಡ್ಡಿ ಕೊಟ್ಟಿದೆ ಎಂಬುದು ಆ ಲೆಕ್ಕಕ್ಕೆ ಬರುವುದೇ ಇಲ್ಲ. 16,000 ದಾಟಿದರೆ ಯೂನಿವರ್ಸಲ್ ಕ್ರೆಡಿಟ್ ಪೂರ್ತಿ ನಿಲ್ಲುತ್ತದೆ. ಈ ಮಿತಿಗಳು ಬಹಳ ವರ್ಷಗಳಿಂದ ಏರಿಲ್ಲ, ಬೆಲೆಗಳು ಮಾತ್ರ ಏರಿವೆ, ಅದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ನಿಮ್ಮ ಖಾತೆಯಲ್ಲಿರುವುದನ್ನೆಲ್ಲ ನಿಮ್ಮದೇ ಎಂದು ಎಣಿಸಿದರೆ ಒಟ್ಟು 11,100 ಪೌಂಡ್. ಮಿತಿಗಿಂತ 5,100 ಹೆಚ್ಚು. ಅದರಲ್ಲಿ 250ರ ಕಂತುಗಳು ಇಪ್ಪತ್ತು, ಜೊತೆಗೆ ಒಂದು ತುಣುಕು, ಹಾಗಾಗಿ ಇಪ್ಪತ್ತೊಂದು. ತಿಂಗಳಿಗೆ 91.35 ಪೌಂಡ್ ಕಡಿತ. ಅದೇ 8,000 ಪೌಂಡ್ ಮಗಳದ್ದು ಎಂದು ಒಪ್ಪಿಕೊಂಡರೆ ನಿಮ್ಮ ಉಳಿತಾಯ 3,100 ಮಾತ್ರ, ಕಡಿತ ಸೊನ್ನೆ.

ಮಗುವಿನ ಸ್ವಂತ ಹಣ ತಂದೆತಾಯಿಯ ಲೆಕ್ಕಕ್ಕೆ ಸೇರುವುದಿಲ್ಲ. ಅವಳ ಹೆಸರಿನಲ್ಲಿ ಎಂಟು ಸಾವಿರವಿರಲಿ, ಎಂಬತ್ತು ಸಾವಿರವಿರಲಿ, ನಿಮ್ಮ ಯೂನಿವರ್ಸಲ್ ಕ್ರೆಡಿಟ್‌ಗೆ ಅದರಿಂದ ಬಾಧೆಯಿಲ್ಲ. ತೊಡಕು ಬರುವುದು ಮಗುವಿನ ಹಣ ದೊಡ್ಡವರ ಖಾತೆಯಲ್ಲಿ ಕುಳಿತಾಗ. ಖಾತೆ ಯಾರ ಹೆಸರಿನಲ್ಲಿದೆಯೋ ಹಣವೂ ಅವರದೇ ಎಂದು ಅಧಿಕಾರಿ ಮೊದಲು ಭಾವಿಸುತ್ತಾರೆ. ಅಲ್ಲ, ನಾನು ಇದನ್ನು ಮಗಳ ಪರವಾಗಿ ಇಟ್ಟುಕೊಂಡಿದ್ದೇನೆ, ನಾನು ಕಾವಲುಗಾರ್ತಿ ಮಾತ್ರ ಎಂದು ತೋರಿಸುವ ಹೊಣೆ ನಿಮ್ಮ ಮೇಲೆ ಬೀಳುತ್ತದೆ. ಇಲ್ಲಿನ ಕಾನೂನು ಇದನ್ನು ಟ್ರಸ್ಟ್ ಎನ್ನುತ್ತದೆ. ಅದಕ್ಕೆ ಛಾಪಾಕಾಗದವೂ ಬೇಡ, ವಕೀಲರೂ ಬೇಡ. ಕೊಟ್ಟವರು ಕೊಡುವಾಗಲೇ ಇದು ಮಗುವಿಗೆಂದು ಸ್ಪಷ್ಟಪಡಿಸಿದ್ದರೆ ಸಾಕು. ಆದರೆ ಸ್ಪಷ್ಟಪಡಿಸಿದ್ದಕ್ಕೆ ಗುರುತು ಇರಬೇಕು.

ವರ್ಗಾವಣೆಯ ಬಗ್ಗೆ ಕೇಳಿದ್ದೀರಿ. ಹಣ ಮೊದಲಿನಿಂದಲೂ ಮಗಳದ್ದೇ ಆಗಿದ್ದರೆ, ಅವಳ ಖಾತೆಗೆ ಹಾಕುವುದೆಂದರೆ ಒಡತಿಗೆ ಅವಳ ಹಣ ತಲುಪಿಸಿದಂತೆ. ಅದರಲ್ಲಿ ನೀವು ಕಳೆದುಕೊಂಡದ್ದೂ ಬಚ್ಚಿಟ್ಟದ್ದೂ ಏನೂ ಇಲ್ಲ. ಹಾಗಲ್ಲದೆ ಅಪ್ಪ ನಿಮಗೆ ಕೊಟ್ಟಿದ್ದು, ನೀವು ಕಡಿತಕ್ಕೆ ಹೆದರಿ ಮಗಳಿಗೆ ದಾಟಿಸಿದರೆ, ಸಹಾಯಧನ ಪಡೆಯುವುದು ಆ ವರ್ಗಾವಣೆಯ ಮುಖ್ಯ ಉದ್ದೇಶಗಳಲ್ಲಿ ಒಂದಾಗಿತ್ತೇ ಎಂದು ಕೇಳುತ್ತಾರೆ. ಹೌದೆಂದು ತೀರ್ಮಾನವಾದರೆ ಹಣ ನಿಮ್ಮ ಬಳಿ ಇಲ್ಲದಿದ್ದರೂ ಇದೆಯೆಂದೇ ಎಣಿಸುತ್ತಾರೆ.

ಆದ್ದರಿಂದ ಇನ್ನು ಎರಡು ಪ್ರಶ್ನೆ. ಹಣ ಕಳಿಸುವಾಗ ಅಪ್ಪ ಬ್ಯಾಂಕಿನ ಅರ್ಜಿಯಲ್ಲಿ ಕಾರಣವೇನೆಂದು ಬರೆದರು? ನಿಮಗೆ ಸಂದೇಶ ಕಳಿಸಿದ್ದರೇ?

ಬೆಳ್ಳಿಚುಕ್ಕಿ

ಇದನ್ನು ಬರೆಯಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಹೇಮಾವತಿ ಅವರಿಗೆ ನನ್ನ ಗತಿ ಬರಬಾರದೆಂದು ಬರೆಯುತ್ತಿದ್ದೇನೆ.

ನಮ್ಮ ಅತ್ತೆಯವರು ಮಗನ ನಾಮಕರಣಕ್ಕೆ ಬರಲಾಗಲಿಲ್ಲ. ವೀಸಾ ತಡವಾಯಿತು. ಆ ಕೊರಗಿನಲ್ಲಿ ತಮ್ಮ ಪಿಂಚಣಿಯ ಉಳಿತಾಯದಿಂದ 6,500 ಪೌಂಡ್‌ನಷ್ಟು ಹಣವನ್ನು ನನ್ನ ಖಾತೆಗೆ ಕಳಿಸಿದರು. ನನ್ನ ಸ್ವಂತದ್ದು 2,900 ಇತ್ತು. ಮಗುವಿನ ಹಣ ಮಗುವಿನದು, ನಮ್ಮನ್ನು ಯಾರು ಕೇಳುತ್ತಾರೆ ಎಂದುಕೊಂಡು ನಾನು ತಿಳಿಸಲಿಲ್ಲ, ಬೇರೆ ಖಾತೆಯನ್ನೂ ತೆರೆಯಲಿಲ್ಲ. ಎರಡು ವರ್ಷ ಕಳೆದ ಮೇಲೆ ಅರ್ಜಿಯ ತಪಾಸಣೆ ಬಂತು, ಬ್ಯಾಂಕ್ ಖಾತೆಯ ಜಮಾಖರ್ಚಿನ ಪಟ್ಟಿ ಕೇಳಿದರು. ಒಟ್ಟು 9,400 ನನ್ನದೇ ಎಂದು ಎಣಿಸಿದರು. ತಿಂಗಳಿಗೆ 60.90ರಂತೆ 26 ತಿಂಗಳಿಗೆ 1,583.40 ಪೌಂಡ್ ಹೆಚ್ಚುವರಿ ಪಾವತಿಯಾಗಿದೆ, ಹಿಂದಿರುಗಿಸಬೇಕು ಎಂಬ ಪತ್ರ ಬಂತು.

ಹಣ ಮಗನದು ಎಂದು ನಾನು ಬರೆದೆ. ಅವರು ಪಟ್ಟಿಯ ಒಂದು ಸಾಲನ್ನು ತೋರಿಸಿದರು. ಮನೆ ಬದಲಿಸುವಾಗ ಹೊಸ ಮನೆಯ ಮುಂಗಡಕ್ಕೆಂದು ಅದೇ ಖಾತೆಯಿಂದ 1,100 ಪೌಂಡ್ ತೆಗೆದಿದ್ದೆವು. ಖಾತೆಯಲ್ಲಿ ನಮ್ಮದು ಅವನದು ಎಲ್ಲ ಹಾಲಿಗೆ ನೀರು ಬೆರೆಸಿದಂತೆ ಕಲೆತುಹೋಗಿತ್ತು. ಮಗುವಿನ ಹಣವಾಗಿದ್ದರೆ ನಿಮ್ಮ ಬಾಡಿಗೆಗೆ ಏಕೆ ತೆಗೆದಿರಿ ಎಂಬುದು ಅವರ ಪ್ರಶ್ನೆ. ಮಗನಿಗೂ ಅದೇ ಮನೆ ತಾನೇ ಎಂದು ನಾನು ಹೇಳಿದೆ. ಅದು ತಾಯಿಗೆ ಸರಿ ಕಾಣುವ ಮಾತು, ಅವರಿಗೆ ಸಾಲಲಿಲ್ಲ. ಮರುಪರಿಶೀಲನೆ ಕೇಳಿದೆ, ಅದೂ ತಿರಸ್ಕೃತವಾಯಿತು. ಅಲ್ಲಿಗೆ ಕೈಬಿಟ್ಟೆ. ಈಗ ಪ್ರತಿ ತಿಂಗಳೂ ಹಿಡಿದುಕೊಳ್ಳುತ್ತಿದ್ದಾರೆ. ಅತ್ತೆಗೆ ಈ ವಿಷಯ ಇನ್ನೂ ತಿಳಿಸಿಲ್ಲ, ತಿಳಿಸಿದರೆ ಅವರು ಊಟ ಬಿಡುತ್ತಾರೆ.

ಲೆಸ್ಟರ್ ಸಲಹೆಗಾರ

ಬೆಳ್ಳಿಚುಕ್ಕಿಯವರೇ, ನೀವು ಬರೆದದ್ದು ಒಳ್ಳೆಯದಾಯಿತು. ಮರುಪರಿಶೀಲನೆ ತಿರಸ್ಕೃತವಾದ ಪತ್ರದ ಮೇಲಿನ ದಿನಾಂಕ ಯಾವುದು? ನ್ಯಾಯಮಂಡಳಿಗೆ ಹೋಗಲು ಆ ದಿನದಿಂದ ಒಂದು ತಿಂಗಳ ಗಡುವು. ಆದರೆ ತಡವಾದದ್ದಕ್ಕೆ ತಕ್ಕ ಕಾರಣವಿದ್ದರೆ ಒಟ್ಟು 13 ತಿಂಗಳವರೆಗೂ ಮೇಲ್ಮನವಿಯನ್ನು ಸ್ವೀಕರಿಸುವ ಅವಕಾಶವಿದೆ. ಕೈಬಿಡುವ ಮೊದಲು ದಯವಿಟ್ಟು ದಿನ ಎಣಿಸಿ.

ಒಂದು ಮಾತು ಎಲ್ಲರಿಗೂ ತಿಳಿದಿರಲಿ. ಯೂನಿವರ್ಸಲ್ ಕ್ರೆಡಿಟ್‌ನಲ್ಲಿ ತಪ್ಪು ಯಾರದೇ ಆಗಿದ್ದರೂ, ಇಲಾಖೆಯದೇ ಆಗಿದ್ದರೂ, ಹೆಚ್ಚುವರಿ ಹೋದ ಹಣವನ್ನು ಹಿಂದಕ್ಕೆ ಕೇಳುವ ಅಧಿಕಾರ ಇಲಾಖೆಗಿದೆ. 2025ರ ಏಪ್ರಿಲ್‌ನಿಂದ ಇಂಥ ಕಡಿತಗಳನ್ನು ಸಾಮಾನ್ಯವಾಗಿ ಸ್ಟ್ಯಾಂಡರ್ಡ್ ಅಲೋವನ್ಸಿನ, ಅಂದರೆ ಸಹಾಯಧನದ ಮೂಲ ಮೊತ್ತದ, ಶೇಕಡಾ 15ಕ್ಕೆ ಸೀಮಿತಗೊಳಿಸಿದ್ದಾರೆ. ಮೊದಲು ಅದು 25 ಇತ್ತು. ನಿಮ್ಮ ಕಡಿತ ಎಷ್ಟೆಂದು ನೋಡಿಕೊಳ್ಳಿ, ತಾಳಲಾಗದಿದ್ದರೆ ಕಡಿಮೆ ಮಾಡಲು ಕೇಳಬಹುದು.

1,100 ಪೌಂಡ್ ತೆಗೆದದ್ದು ನಿಮ್ಮ ವಾದವನ್ನು ದುರ್ಬಲಗೊಳಿಸಿದೆ, ನಾಶ ಮಾಡಿಲ್ಲ. ಕಾವಲು ಕಾಯುವವರು ಒಮ್ಮೆ ಕೈಹಾಕಿದ ಮಾತ್ರಕ್ಕೆ ಉಳಿದ 5,400 ಅವರದಾಗಿಬಿಡುವುದಿಲ್ಲ. ಅತ್ತೆಯವರು ಕಳಿಸಿದ ದಿನ ಏನು ಹೇಳಿದರು ಎಂಬುದಕ್ಕೆ ಆ ದಿನದ್ದೇ ಆದ ದಾಖಲೆ ಇದೆಯೇ? ಈಗ ಬರೆಸಿದ ಪತ್ರಕ್ಕಿಂತ ಅಂದಿನ ಒಂದು ಸಾಲಿಗೆ ತೂಕ ಹೆಚ್ಚು.

ಮಿಲ್ಟನ್ ಕೀನ್ಸ್ ಕನ್ನಡಿಗ

ಅಕ್ಕ, ಇಷ್ಟೆಲ್ಲ ತಲೆನೋವು ಏಕೆ? ಹಣವನ್ನು ನಿಮ್ಮ ಅಣ್ಣನ ಖಾತೆಗೆ ವಾಪಸ್ ಕಳಿಸಿ ಅವರ ಬಳಿಯೇ ಇಡಲು ಹೇಳಿ. ಮಗಳು ದೊಡ್ಡವಳಾದಾಗ ತರಿಸಿಕೊಂಡರಾಯಿತು. ಊರಿನ ಬ್ಯಾಂಕಿನಲ್ಲಿರುವುದು ಇವರಿಗೆ ಹೇಗೆ ಗೊತ್ತಾಗುತ್ತದೆ?

ಹೇಮಾವತಿ ತೀರ (ರೆಡಿಂಗ್)

ತಮ್ಮಾ, ನಿಮ್ಮ ಕಳಕಳಿಗೆ ಋಣಿ. ಆದರೆ ಮಗಳಿಗೆಂದು ಬಂದ ಹಣವನ್ನು ಮರೆಮಾಚಿ ಇಟ್ಟುಕೊಳ್ಳುವ ಮನಸ್ಸಿಲ್ಲ. ಅಪ್ಪನೂ ಒಪ್ಪುವವರಲ್ಲ.

ಲೆಸ್ಟರ್ ಸಲಹೆಗಾರ

ಆ ದಾರಿ ಬೇಡವೇ ಬೇಡ. ಬಂದದ್ದು ಬ್ಯಾಂಕ್ ಪಟ್ಟಿಯಲ್ಲಿ ಈಗಾಗಲೇ ದಾಖಲಾಗಿದೆ. ಹದಿನೈದು ದಿನದಲ್ಲಿ ಅದೇ ಮೊತ್ತ ವಾಪಸ್ ಹೋದರೆ, ನೋಡಿದವರಿಗೆ ಬಚ್ಚಿಟ್ಟಂತೆಯೇ ಕಾಣುತ್ತದೆ. ನಿಜವಾಗಿ ಮಗುವಿನದೇ ಆದ, ಲೆಕ್ಕಕ್ಕೇ ಬಾರದ ಹಣವನ್ನು ಅನುಮಾನದ ಹಣವಾಗಿ ಮಾಡಿಕೊಂಡಂತಾಗುತ್ತದೆ.

ಜೊತೆಗೆ ಒಂದು ತಪ್ಪು ತಿಳಿವಳಿಕೆಯನ್ನೂ ಇಲ್ಲೇ ತೆಗೆದುಬಿಡೋಣ. ಊರಿನಲ್ಲಿ ನಿಮ್ಮ ಹೆಸರಿನಲ್ಲಿರುವ ಠೇವಣಿ, ಎನ್‌ಆರ್‌ಇ ಮತ್ತು ಎನ್‌ಆರ್‌ಒ ಖಾತೆ (ಅನಿವಾಸಿ ಭಾರತೀಯರ ಬ್ಯಾಂಕ್ ಖಾತೆಗಳು), ಖಾಲಿ ನಿವೇಶನ, ಬಾಡಿಗೆಗೆ ಕೊಟ್ಟ ಮನೆ ಇವೆಲ್ಲವೂ ಇಲ್ಲಿನ ಲೆಕ್ಕದಲ್ಲಿ ನಿಮ್ಮ ಬಂಡವಾಳವೇ. ಸಮುದ್ರದಾಚೆ ಇದೆ ಎಂಬ ಕಾರಣಕ್ಕೆ ವಿನಾಯಿತಿಯಿಲ್ಲ. ನಮ್ಮ ಜನ ಹೆಚ್ಚಾಗಿ ಎಡವುವುದು ಇಲ್ಲಿ. ಅದೇ ಠೇವಣಿ ಮಗುವಿನ ಹೆಸರಿನಲ್ಲಿದ್ದು, ತಾಯಿ ಪೋಷಕಿಯೆಂದು ಮಾತ್ರ ಸಹಿ ಮಾಡಿದ್ದರೆ, ಹಣ ಮಗುವಿನದು. ಭಾರತದ ಆದಾಯ ತೆರಿಗೆಯಲ್ಲಿ ಅಪ್ರಾಪ್ತ ಮಕ್ಕಳ ಬಡ್ಡಿಯನ್ನು ತಂದೆ ಅಥವಾ ತಾಯಿಯ ವರಮಾನದ ಜೊತೆ ಸೇರಿಸುತ್ತಾರೆ. ಅದು ಅಲ್ಲಿನ ತೆರಿಗೆಯ ರೀತಿ, ಅಷ್ಟಕ್ಕೇ ಮೂಲಧನ ನಿಮ್ಮದಾಗುವುದಿಲ್ಲ. ಆದರೆ ಅಲ್ಲಿನ ತೆರಿಗೆ ಕಾಗದಗಳಲ್ಲಿ ನಿಮ್ಮ ಹೆಸರಿನಡಿ ಆ ಬಡ್ಡಿ ಕಂಡರೆ, ಇಲ್ಲಿ ವಿವರಣೆ ಕೊಡಲು ಸಿದ್ಧರಿರಬೇಕು.

ಹ್ಯಾರೋ ಅಜ್ಜಿ

ಮಕ್ಕಳೇ, ನನ್ನದೊಂದು ಪ್ರಶ್ನೆ. ನಗದು ಬಿಡಿ, ಚಿನ್ನದ ಕಥೆ ಏನು? ಮೊಮ್ಮಗಳ ತೊಟ್ಟಿಲ ಶಾಸ್ತ್ರದಲ್ಲಿ ಎರಡೂ ಕಡೆಯವರು ಸೇರಿ ಸರ, ಬಳೆ, ಉಡಿದಾರ ಎಂದು ಎಷ್ಟೋ ಹಾಕಿದ್ದಾರೆ. ಸೊಸೆಗೆ ಸಹಾಯಧನ ಬರುತ್ತದೆ. ಅದನ್ನೂ ತೂಗಿ ಲೆಕ್ಕ ಕೊಡಬೇಕೇ? ನನಗೂ ಪೆನ್ಷನ್ ಕ್ರೆಡಿಟ್ (ಕಡಿಮೆ ವರಮಾನದ ವೃದ್ಧರ ಸಹಾಯಧನ) ಬರುತ್ತದೆ, ಮೊಮ್ಮಕ್ಕಳಿಗೆ ಕೊಟ್ಟರೆ ನನ್ನನ್ನು ಕೇಳುವವರು ಇದ್ದಾರೆಯೇ?

ಲೆಸ್ಟರ್ ಸಲಹೆಗಾರ

ಅಮ್ಮಾ, ಉಡುವ, ತೊಡುವ ವಸ್ತುಗಳು ವೈಯಕ್ತಿಕ ಸೊತ್ತು. ಅವನ್ನು ಯೂನಿವರ್ಸಲ್ ಕ್ರೆಡಿಟ್‌ನಲ್ಲಿ ಬಂಡವಾಳವೆಂದು ಎಣಿಸುವುದಿಲ್ಲ, ಲೆಕ್ಕ ತಪ್ಪಿಸಲೆಂದೇ ಹಣವನ್ನು ಒಡವೆಯಾಗಿ ಬದಲಿಸಿರಬಾರದು ಅಷ್ಟೆ. ತೊಟ್ಟಿಲ ಶಾಸ್ತ್ರದ ಬಳೆಯನ್ನು ಯಾರೂ ತೂಗುವುದಿಲ್ಲ. ಆದರೆ ಒಂದು ದಿನ ಅದನ್ನು ಮಾರಿ ಹಣ ಮಾಡಿದರೆ, ಆ ಹಣ ಯಾರದು ಎಂಬ ಪ್ರಶ್ನೆ ಮತ್ತೆ ಬರುತ್ತದೆ.

ನಿಮ್ಮ ಎರಡನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ, ನೀವು ಕೇಳಿದ್ದು ಒಳಿತಾಯಿತು. ಪೆನ್ಷನ್ ಕ್ರೆಡಿಟ್‌ನಲ್ಲಿ 10,000 ಪೌಂಡ್‌ವರೆಗೆ ಬಿಟ್ಟು, ಮೇಲಿನ ಪ್ರತಿ 500ಕ್ಕೆ ವಾರಕ್ಕೆ ಒಂದು ಪೌಂಡ್ ವರಮಾನವೆಂದು ಹಿಡಿಯುತ್ತಾರೆ. ಅಲ್ಲಿಯೂ ಪೆನ್ಷನ್ ಕ್ರೆಡಿಟ್ ಹೆಚ್ಚಿಸಿಕೊಳ್ಳಲೆಂದು ಹಣ ಹಂಚಿದರೆ, ಹಂಚಿದ್ದನ್ನೂ ನಿಮ್ಮದೆಂದೇ ಎಣಿಸಬಹುದು. ಹಬ್ಬಕ್ಕೆ, ಹುಟ್ಟುಹಬ್ಬಕ್ಕೆ ನೀವು ಯಾವಾಗಲೂ ಕೊಡುತ್ತಾ ಬಂದ ಐವತ್ತು, ನೂರು ಪೌಂಡ್‌ಗೆ ಅಂಜಬೇಡಿ. ಸಾವಿರಾರು ಪೌಂಡ್ ಕೊಡುವ ಮನಸ್ಸಾದಾಗ ಮಾತ್ರ ಮೊದಲು ಯಾರನ್ನಾದರೂ ಕೇಳಿ.

ಕೃಷ್ಣರಾಜಸಾಗರ

ನನ್ನ ಪ್ರಕರಣ ಸ್ವಲ್ಪ ಬೇರೆ, ಆದರೂ ಇಲ್ಲಿ ಹೇಳಬೇಕೆನಿಸಿತು. ನಮಗೆ ಮೊದಲು ಬರುತ್ತಿದ್ದುದು ಟ್ಯಾಕ್ಸ್ ಕ್ರೆಡಿಟ್ ಎಂಬ ಹಳೆಯ ಸಹಾಯಧನ. ಅದರಲ್ಲಿ ಉಳಿತಾಯಕ್ಕೆ ಮಿತಿಯೇ ಇರಲಿಲ್ಲ. ಹತ್ತು ವರ್ಷ ರಾತ್ರಿ ಪಾಳಿ ಮಾಡಿ, ಇಬ್ಬರು ಹೆಣ್ಣುಮಕ್ಕಳ ಓದಿಗೆಂದು ನನ್ನದೇ ಹೆಸರಿನಲ್ಲಿ 19,000 ಪೌಂಡ್ ಕೂಡಿಟ್ಟಿದ್ದೆ. ಅಜ್ಜ ಅಜ್ಜಿ ಕೊಟ್ಟದ್ದೂ ಅದರಲ್ಲೇ ಬೆರೆತಿತ್ತು. 2025ರ ಏಪ್ರಿಲ್ 5ಕ್ಕೆ ಟ್ಯಾಕ್ಸ್ ಕ್ರೆಡಿಟ್ ಕೊನೆಗೊಂಡಿತು. ಅದಕ್ಕೂ ಮೊದಲೇ ಬದಲಾಗಿರೆಂಬ ಸೂಚನಾ ಪತ್ರ ಬಂದು ಯೂನಿವರ್ಸಲ್ ಕ್ರೆಡಿಟ್‌ಗೆ ಹೋದೆವು. ಹಾಗೆ ಪತ್ರ ಬಂದು ಬದಲಾದವರಿಗೆ ಮೊದಲ ಹನ್ನೆರಡು ತಿಂಗಳು 16,000ದ ಮೇಲಿನ ಉಳಿತಾಯವನ್ನು ಲೆಕ್ಕಿಸುತ್ತಿರಲಿಲ್ಲ. ಹದಿಮೂರನೆಯ ತಿಂಗಳು ನಮ್ಮ ಸಹಾಯಧನ ಪೂರ್ತಿ ನಿಂತಿತು.

ಈ ಹಣ ಮಕ್ಕಳದು ಎಂದು ನಾನು ಮನಸ್ಸಿನಲ್ಲಿ ಎಂದೋ ಬರೆದಿಟ್ಟಿದ್ದೆ. ಕಾಗದದಲ್ಲಿ ಬರೆದಿರಲಿಲ್ಲ. ನನ್ನ ಸಂಬಳದಿಂದ ಕೂಡಿಟ್ಟದ್ದು ನನ್ನದೇ ಎಂದು ಅವರು ಹೇಳುವುದನ್ನು ನಾನು ಅಲ್ಲಗಳೆಯಲಾರೆ. ಆದರೆ ಅದರಲ್ಲಿ ಅಜ್ಜಿ ಕೊಟ್ಟ ನಾಲ್ಕು ಸಾವಿರವೂ ಇತ್ತಲ್ಲ, ಅದನ್ನು ಬೇರ್ಪಡಿಸಿ ತೋರಿಸಲು ನನ್ನಿಂದ ಆಗಲಿಲ್ಲ. ಅದೊಂದನ್ನು ಬೇರೆ ಇಟ್ಟಿದ್ದರೆ ಮಿತಿಯೊಳಗೇ ಇರುತ್ತಿದ್ದೆವು. ಹೇಮಾವತಿಯವರೇ, ಇಂದೇ ಬೇರೆ ಮಾಡಿ.

ಲೆಸ್ಟರ್ ಸಲಹೆಗಾರ

ಕೃಷ್ಣರಾಜಸಾಗರ ಅವರ ಮಾತಿನಲ್ಲಿ ಒಂದು ಮುಖ್ಯ ವ್ಯತ್ಯಾಸ ಅಡಗಿದೆ. ತಂದೆತಾಯಿ ತಮ್ಮ ಹಣವನ್ನು ಮಗುವಿನ ಹೆಸರಿಗೆ ಹಾಕುವುದು ಬೇರೆ, ಮೂರನೆಯವರು ನೇರವಾಗಿ ಮಗುವಿಗೆ ಕೊಡುವುದು ಬೇರೆ. ಮೊದಲನೆಯದರಲ್ಲಿ ಉದ್ದೇಶವನ್ನು ಪ್ರಶ್ನಿಸುತ್ತಾರೆ. ಎರಡನೆಯದರಲ್ಲಿ ನಿಮ್ಮ ಕೈಯಿಂದ ಹೋದದ್ದೇನೂ ಇಲ್ಲದಿರುವಾಗ ಆ ಪ್ರಶ್ನೆಯೇ ಏಳುವುದಿಲ್ಲ.

ತೆರಿಗೆಯಲ್ಲಿಯೂ ಇದೇ ಭೇದವಿದೆ. ತಂದೆ ಅಥವಾ ತಾಯಿ ಕೊಟ್ಟ ಹಣದಿಂದ ಮಗುವಿಗೆ ವರ್ಷಕ್ಕೆ 100 ಪೌಂಡ್‌ಗಿಂತ ಹೆಚ್ಚು ಬಡ್ಡಿ ಬಂದರೆ ಆ ಬಡ್ಡಿಯನ್ನು ಕೊಟ್ಟವರ ವರಮಾನವೆಂದು ಎಣಿಸುತ್ತಾರೆ. ಅಜ್ಜ, ಅಜ್ಜಿ, ಸೋದರಮಾವ ಕೊಟ್ಟದ್ದಕ್ಕೆ ಈ ನಿಯಮ ಅನ್ವಯಿಸುವುದಿಲ್ಲ. ಹಾಗಾಗಿ ಕೊಟ್ಟವರು ಯಾರೆಂದು ಬರೆದಿಟ್ಟುಕೊಳ್ಳುವುದರಿಂದ ಎರಡು ಕಡೆ ಉಪಯೋಗ.

ಹೇಮಾವತಿ ತೀರ (ರೆಡಿಂಗ್)

ಅಪ್ಪನಿಗೆ ಫೋನ್ ಮಾಡಿದೆ. ಬ್ಯಾಂಕಿನಲ್ಲಿ ಹೊರದೇಶಕ್ಕೆ ಹಣ ಕಳಿಸುವ ಅರ್ಜಿಯಲ್ಲಿ ಎರಡು ಆಯ್ಕೆ ಇದ್ದವಂತೆ, ಒಂದು ಹತ್ತಿರದ ಬಂಧುಗಳ ನಿರ್ವಹಣೆ, ಇನ್ನೊಂದು ಉಡುಗೊರೆ. ಗುಮಾಸ್ತರು ಮೊದಲನೆಯದಕ್ಕೆ ಗುರುತು ಹಾಕಲು ಹೊರಟಾಗ ಅಪ್ಪ, ನಾನು ಮಗಳನ್ನು ಸಾಕಲು ಕಳಿಸುತ್ತಿಲ್ಲ, ಮೊಮ್ಮಗಳಿಗೆ ಕೊಡುತ್ತಿದ್ದೇನೆ ಎಂದು ತಡೆದು ಉಡುಗೊರೆ ಎಂದೇ ಹಾಕಿಸಿದರಂತೆ. ಅವರ ಸ್ವಾಭಿಮಾನ ಈಗ ನಮ್ಮನ್ನು ಕಾಪಾಡುತ್ತದೆಯೋ ಏನೋ. ಆ ಅರ್ಜಿಯ ಪ್ರತಿಯ ಚಿತ್ರವನ್ನು ಕಳಿಸಿದ್ದಾರೆ. ಅಣ್ಣನ ಮಗನ ಠೇವಣಿಯ ರಸೀದಿಯ ಚಿತ್ರವೂ ಇದೆ: ಅದೇ ವಾರ, ಅಷ್ಟೇ ಮೊತ್ತ, ಹುಡುಗನ ಹೆಸರು. ಹಣ ಕಳಿಸಿದ ಸಂಜೆ ವಾಟ್ಸಾಪ್‌ನಲ್ಲಿ ಅಪ್ಪ ಬರೆದದ್ದು ಹೀಗಿದೆ: "ಪುಟ್ಟಿ ಪಾಲು ಹಾಕಿದ್ದೇನೆ. ಅವಳ ಹೆಸರಲ್ಲಿ ಇಡು. ಓದಿಗೆ ಆಗಲಿ."

ಮೂರೇ ಸಾಲು. ಇದು ಸಾಕೇ?

ಲೆಸ್ಟರ್ ಸಲಹೆಗಾರ

ಇಷ್ಟು ಒಳ್ಳೆಯ ದಾಖಲೆ ಬಹಳ ಮಂದಿಯ ಬಳಿ ಇರುವುದಿಲ್ಲ. ಪಾಲು ಎಂಬ ಮಾತು, ಅವಳ ಹೆಸರಲ್ಲಿ ಇಡು ಎಂಬ ಆದೇಶ, ಓದಿಗೆ ಎಂಬ ಉದ್ದೇಶ ಮೂರೂ ಹಣ ಕಳಿಸಿದ ದಿನವೇ ದಾಖಲಾಗಿವೆ. ಸಮನಾದ ಮೊತ್ತ ಇನ್ನೊಬ್ಬ ಮೊಮ್ಮಗನಿಗೂ ಹೋಗಿರುವುದು ಇದಕ್ಕೆ ಬಲ ಕೊಡುತ್ತದೆ.

ಈಗ ಮಾಡಬೇಕಾದದ್ದು. ನಾಳೆಯೇ ಜರ್ನಲ್‌ನಲ್ಲಿ ಬರೆಯಿರಿ. ಇಂಥ ದಿನ ನನ್ನ ಖಾತೆಗೆ 8,000 ಪೌಂಡ್ ಬಂದಿದೆ, ಇದು ನನ್ನ ತಂದೆ ನನ್ನ ಮಗಳಿಗೆ ಕೊಟ್ಟ ಉಡುಗೊರೆ, ಅವಳಿಗೆ ಖಾತೆ ಇಲ್ಲದ ಕಾರಣ ನಾನು ಅವಳ ಪರವಾಗಿ ಇಟ್ಟುಕೊಂಡಿದ್ದೇನೆ, ಇಂಥ ದಿನ ಅವಳ ಖಾತೆಗೆ ವರ್ಗಾಯಿಸುತ್ತೇನೆ ಎಂದು ನೇರವಾಗಿ ಹೇಳಿ. ವಾಟ್ಸಾಪ್ ಸಂದೇಶದ ಚಿತ್ರ, ಅದರ ಇಂಗ್ಲಿಷ್ ಅನುವಾದ, ಬ್ಯಾಂಕ್ ಅರ್ಜಿಯ ಪ್ರತಿ ಇವನ್ನು ಸಿದ್ಧವಾಗಿಡಿ. ಅನುವಾದದಲ್ಲಿ ಪಾಲು ಎಂಬುದನ್ನು ಬರೀ ಹಣ ಎಂದು ಮಾಡಬೇಡಿ. ಆ ಒಂದು ಪದ ನಿಮ್ಮ ಪರವಾಗಿ ಸಾಕ್ಷಿ ಹೇಳುತ್ತದೆ. ಉತ್ತರ ಬರುವವರೆಗೂ ಆ ಹಣದಿಂದ ಒಂದು ಪೌಂಡನ್ನೂ ಮನೆಖರ್ಚಿಗೆ ತೆಗೆಯಬೇಡಿ.

ಒಂದು ವೇಳೆ ನಿಮ್ಮ ಊರಿನ ಕೌನ್ಸಿಲ್‌ನಿಂದ (ಸ್ಥಳೀಯ ಆಡಳಿತದಿಂದ) ಕೌನ್ಸಿಲ್ ಟ್ಯಾಕ್ಸ್ ಎಂಬ ಮನೆ ತೆರಿಗೆಯಲ್ಲಿ ರಿಯಾಯಿತಿ ಬರುತ್ತಿದ್ದರೆ ಅವರಿಗೂ ಬೇರೆಯಾಗಿ ತಿಳಿಸಿ. ಇಂಗ್ಲೆಂಡಿನಲ್ಲಿ ಆ ನಿಯಮಗಳನ್ನು ಆಯಾ ಕೌನ್ಸಿಲ್‌ಗಳೇ ಮಾಡಿಕೊಳ್ಳುತ್ತವೆ. ಮಕ್ಕಳಿರುವವರಿಗೆ ಸಿಗುವ ಚೈಲ್ಡ್ ಬೆನಿಫಿಟ್‌ಗೆ ಉಳಿತಾಯದ ಪ್ರಶ್ನೆಯೇ ಇಲ್ಲ.

ಸ್ಲೌ ಗೃಹಿಣಿ

ಖಾತೆ ಯಾವುದು ಒಳ್ಳೆಯದು? ಜೂನಿಯರ್ ಐಸಾ ಎಂದು ಎಲ್ಲರೂ ಹೇಳುತ್ತಾರೆ. ನಮ್ಮವರು ಇನ್ನೂ ಕೆಲಸದ ವೀಸಾದಲ್ಲಿದ್ದಾರೆ, ನಮಗೆ ಸಹಾಯಧನವೇ ಇಲ್ಲ. ಆದರೂ ಮುಂದಿನದಕ್ಕೆ ತಿಳಿದಿರಲಿ ಎಂದು ಕೇಳುತ್ತಿದ್ದೇನೆ.

ಲೆಸ್ಟರ್ ಸಲಹೆಗಾರ

ಕೆಲಸದ ವೀಸಾದಲ್ಲಿ ಸರ್ಕಾರಿ ನಿಧಿಯ ನೆರವಿಲ್ಲ ಎಂಬ ಷರತ್ತು ಇರುವವರೆಗೂ ನೀವು ಯೂನಿವರ್ಸಲ್ ಕ್ರೆಡಿಟ್‌ಗಾಗಲೀ ಚೈಲ್ಡ್ ಬೆನಿಫಿಟ್‌ಗಾಗಲೀ ಅರ್ಜಿ ಹಾಕಬೇಡಿ, ವೀಸಾಕ್ಕೇ ತೊಂದರೆ. ಆದರೆ ಮಗುವಿನ ಹಣವನ್ನು ಈಗಿನಿಂದಲೇ ಬೇರೆ ಇಡುವುದು ಜಾಣತನ, ಕೃಷ್ಣರಾಜಸಾಗರ ಅವರ ಅನುಭವ ಮುಂದೆಯೇ ಇದೆ.

ಜೂನಿಯರ್ ಐಸಾದಲ್ಲಿ ವರ್ಷಕ್ಕೆ 9,000 ಪೌಂಡ್‌ವರೆಗೆ ಯಾರು ಬೇಕಾದರೂ ಹಾಕಬಹುದು, ಬಡ್ಡಿಗೆ ತೆರಿಗೆಯಿಲ್ಲ. ಹಣ ಮಗುವಿನದೆಂಬುದರಲ್ಲಿ ಯಾರಿಗೂ ಸಂಶಯ ಉಳಿಯುವುದಿಲ್ಲ, ಏಕೆಂದರೆ ತೀರಾ ಅಪರೂಪದ ಸಂದರ್ಭ ಬಿಟ್ಟರೆ ಹದಿನೆಂಟು ತುಂಬುವವರೆಗೆ ಅದನ್ನು ತೆಗೆಯಲು ಬರುವುದೇ ಇಲ್ಲ. ತುಂಬಿದ ದಿನ ಅದು ಪೂರ್ತಿ ಮಗುವಿನ ಕೈಗೆ ಹೋಗುತ್ತದೆ. ಓದಿಗೆ ಬಳಸುತ್ತಾರೋ ಮೋಟಾರು ಬೈಕಿಗೋ ಎಂದು ಆಗ ಕೇಳುವ ಹಕ್ಕು ತಾಯಿಗಿಲ್ಲ. ಮಕ್ಕಳ ಸಾಮಾನ್ಯ ಉಳಿತಾಯ ಖಾತೆಯಾದರೆ ನಡುವೆ ತೆಗೆಯಬಹುದು, ಆದರೆ ತೆಗೆದದ್ದು ಮಗುವಿಗಾಗಿಯೇ ಎಂದು ತೋರಿಸುವಂತಿರಬೇಕು. ಶಾಲೆಯ ಪ್ರವಾಸ, ಕಣ್ಣಿನ ಕನ್ನಡಕ, ವೀಣೆಯ ಪಾಠ, ರಸೀದಿ ಇಟ್ಟುಕೊಳ್ಳಿ. ಕರೆಂಟ್ ಬಿಲ್ ಆ ಖಾತೆಯಿಂದ ಬೇಡ. ನನ್ನನ್ನು ಕೇಳಿದರೆ ದೊಡ್ಡ ಮೊತ್ತಕ್ಕೆ ಐಸಾ, ಹಬ್ಬ ಹರಿದಿನದ ಸಣ್ಣ ಹಣಕ್ಕೆ ಸಾಮಾನ್ಯ ಖಾತೆ.

ಹೇಮಾವತಿ ತೀರ (ರೆಡಿಂಗ್)

ಆರು ವಾರದ ನಂತರ ಬರೆಯುತ್ತಿದ್ದೇನೆ, ತಡವಾದದ್ದಕ್ಕೆ ಕ್ಷಮಿಸಿ. ಹೇಳಿದಂತೆಯೇ ಜರ್ನಲ್‌ನಲ್ಲಿ ಬರೆದೆ. ಮೊದಲು ಬಂದ ಉತ್ತರದಲ್ಲಿ, ನಿಮ್ಮ ಉಳಿತಾಯ 11,100 ಎಂದು ದಾಖಲಿಸಲಾಗಿದೆ ಎಂದಷ್ಟೇ ಇತ್ತು, ಆ ತಿಂಗಳು 91.35 ಪೌಂಡ್ ಕಡಿಮೆಯೂ ಬಂತು. ಇಲ್ಲಿ ಲೆಕ್ಕ ಮೊದಲೇ ಹೇಳಿದ್ದರಿಂದ ಗಾಬರಿಯಾಗಲಿಲ್ಲ, ಎಲ್ಲಿಂದ ಬಂತೆಂದು ತಕ್ಷಣ ಗೊತ್ತಾಯಿತು. ಮೂರು ದಾಖಲೆಗಳನ್ನೂ ಅನುವಾದದೊಂದಿಗೆ ಹಾಕಿ ಮರುಪರಿಶೀಲನೆ ಕೇಳಿದೆ. ಮೊನ್ನೆ ಉತ್ತರ ಬಂದಿದೆ. ಹಣ ಮಗುವಿನದೆಂದು ಒಪ್ಪಿದ್ದಾರೆ, ಹಿಡಿದ ಮೊತ್ತವನ್ನು ಮುಂದಿನ ಪಾವತಿಯಲ್ಲಿ ಸೇರಿಸುತ್ತಾರಂತೆ. 8,000 ಪೌಂಡ್ ಈಗ ಮಗಳ ಐಸಾದಲ್ಲಿದೆ. ಯುಗಾದಿಗೆ ಮತ್ತೆ ಐದು ಸಾವಿರ ರೂಪಾಯಿ ಕಳಿಸುತ್ತೇನೆಂದ ಅಪ್ಪನಿಗೆ, ಬರುವಾಗ ಒಂದು ಸಾಲು ಬರೆಯಿರಿ ಎಂದಿದ್ದೇನೆ.

ಬೆಳ್ಳಿಚುಕ್ಕಿಯವರೇ, ನಿಮ್ಮದು ಏನಾಯಿತು?

ಬೆಳ್ಳಿಚುಕ್ಕಿ

ತಿರಸ್ಕಾರದ ಪತ್ರದ ದಿನಾಂಕದಿಂದ ಎಣಿಸಿದರೆ ಇನ್ನೂ ಐದು ತಿಂಗಳು ಉಳಿದಿವೆ. ಹಳೆಯ ಫೋನನ್ನು ಚಾರ್ಜಿಗೆ ಹಾಕಿ ಹುಡುಕಿದೆ. ಹಣ ಬಂದ ಮರುದಿನ ಬೆಳಿಗ್ಗೆ ಅತ್ತೆ ಕಳಿಸಿದ ಧ್ವನಿ ಸಂದೇಶ ಸಿಕ್ಕಿತು, ನಲವತ್ತು ಸೆಕೆಂಡು. ಹಿಂದೆ ಕುಕ್ಕರ್ ಕೂಗುತ್ತಿದೆ. "ಇದು ಪಾಪುವಿನ ದುಡ್ಡು ಕಣಮ್ಮ, ನಿಮ್ಮದರ ಜೊತೆ ಸೇರಿಸಬೇಡ, ಬ್ಯಾಂಕಿನಲ್ಲಿ ಅವನ ಹೆಸರಲ್ಲಿ ಹಾಕಿಡು" ಎಂದು ಹೇಳಿದ್ದಾರೆ. ಅವರು ಹೇಳಿದ್ದನ್ನು ನಾನು ಮಾಡಲಿಲ್ಲ, ಅದು ನನ್ನ ತಪ್ಪು, ಅದನ್ನೂ ಮೇಲ್ಮನವಿಯಲ್ಲಿ ಬರೆಯುತ್ತೇನೆ. 1,100 ಪೌಂಡ್ ತೆಗೆದದ್ದನ್ನೂ ಮುಚ್ಚಿಡುವುದಿಲ್ಲ. ಧ್ವನಿಯನ್ನು ಬರಹಕ್ಕಿಳಿಸಿ ಅನುವಾದ ಮಾಡಿಕೊಡುವವರು ಯಾರಾದರೂ ಇದ್ದರೆ ತಿಳಿಸಿ.

ಲೆಸ್ಟರ್ ಸಲಹೆಗಾರ

ನಾನು ಮಾಡಿಕೊಡುತ್ತೇನೆ. ಸಂದೇಶ ಬಂದ ದಿನಾಂಕ ಮತ್ತು ಸಮಯ ಪರದೆಯ ಮೇಲೆ ಕಾಣುವಂತೆ ಒಂದು ಚಿತ್ರ ತೆಗೆದಿಟ್ಟುಕೊಳ್ಳಿ, ಮೂಲ ಧ್ವನಿಯನ್ನು ಇನ್ನೆರಡು ಕಡೆ ಉಳಿಸಿ, ಆ ಫೋನನ್ನು ಮಾತ್ರ ಯಾರಿಗೂ ಕೊಡಬೇಡಿ. ಶನಿವಾರ ಬೆಳಿಗ್ಗೆ ನನಗೆ ಖಾಸಗಿಯಾಗಿ ಬರೆಯಿರಿ, ಅರ್ಜಿಯನ್ನೂ ಅಂದೇ ಕೂತು ತುಂಬೋಣ.